ಹೊಸ ಎಂಜಿನ್ನಿನ ಮೊದಲ ಉಜ್ಜಾಟ

ಹೊಸ ಕಾರಿನ ಡ್ಯಾಶ್‌ಬೋರ್ಡ್ ಗೂಡಿನಲ್ಲಿ ಒಂದು ದಪ್ಪ ಪುಸ್ತಕ ಇರುತ್ತದೆ. ಬ್ಲೂಟೂತ್ ಜೋಡಿಸುವುದು ಹೇಗೆಂದು ಒಮ್ಮೆ ತೆರೆದು ನೋಡಿ ಒಳಗಿಟ್ಟರೆ, ಕಾರು ಮಾರುವ ದಿನದವರೆಗೂ ಅದು ಹೊರಗೆ ಬರುವುದು ಕಡಿಮೆ. ಸುಜುಕಿ ಕಾರುಗಳ ಈ ಪುಸ್ತಕದಲ್ಲಿ ಮೊದಲ 960 ಕಿಲೋಮೀಟರ್‌ಗೆಂದೇ ಒಂದು ಸಣ್ಣ ಪಟ್ಟಿ ಇದೆ. ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ರೇಸ್ ಮಾಡಬೇಡಿ, ಆಕ್ಸಿಲರೇಟರ್ ಪೂರ್ತಿ ತುಳಿದು ಹೊರಡಬೇಡಿ, ಮೇಲಿನ ಗೇರ್‌ನಲ್ಲಿಟ್ಟು ನಿಧಾನವಾಗಿ ಎಳೆಸಬೇಡಿ. ಇಷ್ಟು ಯಾರು ಹೇಳಿದರೂ ಒಪ್ಪುವ ಮಾತು. ಅದೇ ಪಟ್ಟಿಯ ಇನ್ನೊಂದು ಸಾಲು ಮಾತ್ರ ತಲೆ ಕೆರೆದುಕೊಳ್ಳುವಂತೆ ಮಾಡುತ್ತದೆ: ಬಹಳ ಹೊತ್ತು ಒಂದೇ ವೇಗದಲ್ಲಿ ಓಡಿಸಬೇಡಿ.

ಹೊಸ ಗಾಡಿಯನ್ನು ನಲವತ್ತು–ಐವತ್ತರಲ್ಲಿ, ಹಾಲಿನ ಕ್ಯಾನ್ ಹೊತ್ತಂತೆ ಅಲುಗದೆ ಓಡಿಸುವುದೇ 'ರನ್ನಿಂಗ್ ಇನ್' ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ತಯಾರಿಸಿದವರೇ ವೇಗ ಏರುತ್ತ ಇಳಿಯುತ್ತ ಇರಲಿ ಎನ್ನುತ್ತಿದ್ದಾರೆ. ಯಾಕೆ? ಉತ್ತರ ಸಿಲಿಂಡರಿನ ಗೋಡೆಯ ಮೇಲಿದೆ.

ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಹಳೆಯ ಎಂಜಿನ್‌ಗಳಿಗೆ ಬೋರ್ ಮಾಡಿಕೊಡುವ ಅಂಗಡಿಗಳಿವೆ. ಅಲ್ಲಿ ಕೆಲಸ ಮುಗಿದ ಬ್ಲಾಕ್ ಒಂದರೊಳಗೆ ಟಾರ್ಚ್ ಬಿಟ್ಟು ನೋಡಿ. ಗೋಡೆ ಕನ್ನಡಿಯಂತೆ ಹೊಳೆಯುತ್ತಿರಬಹುದು ಎಂದುಕೊಂಡಿದ್ದರೆ ಹಾಗಿರುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ಓರೆ ಗೀರುಗಳು. ಎಡಕ್ಕೆ ವಾಲಿದ ಗೀರನ್ನು ಬಲಕ್ಕೆ ವಾಲಿದ ಗೀರು ದಾಟಿ ಹೋಗಿ, ಗೋಡೆಯ ತುಂಬ ಬಲೆ ಹಾಸಿದಂತಿರುತ್ತದೆ. ಇದು ಹೋನಿಂಗ್ ಎಂಬ ಕೆಲಸದ ಗುರುತು. ಸಾಣೆಕಲ್ಲುಗಳನ್ನು ಕಟ್ಟಿದ ತಲೆಯೊಂದು ಸಿಲಿಂಡರಿನೊಳಗೆ ತಿರುಗುತ್ತಲೇ ಮೇಲೆ ಕೆಳಗೆ ಆಡುವುದರಿಂದ ಗೀರುಗಳು ಓರೆಯಾಗಿ ಬೀಳುತ್ತವೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಈ ಗೀರುಗಳ ಆಳ ಕೆಲವೇ ಮೈಕ್ರಾನ್. ಹೊಸ ಕಾರಿನ ಎಂಜಿನ್ ಕಾರ್ಖಾನೆಯಿಂದ ಹೊರಬರುವುದೂ ಹೀಗೆ, ಬೇಕೆಂದೇ ಗೀರಿಸಿಕೊಂಡು.

ಗೀರುಗಳಿಗೆ ಎರಡು ಕೆಲಸ. ತಗ್ಗಿನಲ್ಲಿ ಎಣ್ಣೆ ನಿಲ್ಲಬೇಕು, ಉಬ್ಬು ತನ್ನ ಮೇಲೆ ಜಾರುವ ಪಿಸ್ಟನ್ ರಿಂಗನ್ನು ತೇಯಬೇಕು. ಹೊಸ ಒರಳುಕಲ್ಲು ತಂದಾಗ ಹಿಂದೆ ಮನೆಗಳಲ್ಲಿ ಏನು ಮಾಡುತ್ತಿದ್ದರು ನೆನಪಿಸಿಕೊಳ್ಳಿ. ಮೊದಲು ತೌಡನ್ನೋ ನುಚ್ಚನ್ನೋ ರುಬ್ಬಿ ಚೆಲ್ಲುತ್ತಿದ್ದರು. ಒರಳೂ ಗುಂಡೂ ಒಂದನ್ನೊಂದು ತೇದು, ಸಡಿಲವಾದ ಕಲ್ಲಿನ ಪುಡಿ ಹೋದಮೇಲೆಯೇ ದೋಸೆ ಹಿಟ್ಟು. ಹಾಗೆಂದು ಉಳಿಯ ಕಚ್ಚು ಪೂರ್ತಿ ಸವೆದು ನುಣ್ಣಗಾದರೆ ಕಲ್ಲು ರುಬ್ಬುವುದಿಲ್ಲ. ಆಗ ಮತ್ತೆ ಕಚ್ಚು ಹಾಕಿಸಬೇಕು. ಸಿಲಿಂಡರಿನ ಲೆಕ್ಕವೂ ಇದೇ. ಉಬ್ಬಿನ ತುದಿ ಹೋಗಬೇಕು, ತಗ್ಗು ಉಳಿಯಬೇಕು.

ಈಗ ರಿಂಗ್ ಕಡೆ ಬರೋಣ. ಪಿಸ್ಟನ್ನಿಗೂ ಗೋಡೆಗೂ ನಡುವೆ ಸಂದು ಇರಲೇಬೇಕು, ಏಕೆಂದರೆ ಬಿಸಿಯಾದಾಗ ಅಲ್ಯೂಮಿನಿಯಂ ಪಿಸ್ಟನ್ ಗೋಡೆಯ ಬೀಡುಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆ ಸಂದನ್ನು ಮುಚ್ಚುವುದು ರಿಂಗ್. ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರ‍್ಯಾಮ್ಸ್‌ಬಾಟಮ್ 1850ರ ದಶಕದಲ್ಲಿ ಹಬೆ ಎಂಜಿನ್‌ಗಳಿಗೆ ಒಂದು ಕಡೆ ಸೀಳಿದ ಲೋಹದ ಬಳೆ ತೊಡಿಸಿದ. ಸೀಳು ಇರುವುದರಿಂದ ಬಳೆ ಸ್ಪ್ರಿಂಗ್‌ನಂತೆ ಹಿಗ್ಗಿ ಗೋಡೆಗೆ ಒತ್ತಿಕೊಳ್ಳುತ್ತದೆ. ಇಂದಿನ ಕಾರಿನ ಪ್ರತಿ ಪಿಸ್ಟನ್ನಿಗೂ ಸಾಮಾನ್ಯವಾಗಿ ಇಂಥ ಮೂರು ರಿಂಗ್. ಮೇಲಿನ ಎರಡು ಅನಿಲ ತಡೆಯುವುದಕ್ಕೆ, ಕೆಳಗಿನದು ಹೆಚ್ಚಾದ ಎಣ್ಣೆಯನ್ನು ಕೆರೆದು ತೆಗೆಯುವುದಕ್ಕೆ.

ಆದರೆ ರಿಂಗ್‌ನ ಸ್ವಂತ ಸ್ಪ್ರಿಂಗ್ ಬಲ ಅಷ್ಟಕ್ಕಷ್ಟೆ. ಅದನ್ನು ಗೋಡೆಗೆ ನಿಜವಾಗಿ ಒತ್ತಿ ಹಿಡಿಯುವುದು ಉರಿದ ಅನಿಲವೇ. ಸ್ಫೋಟವಾದಾಗ ಅನಿಲ ಪಿಸ್ಟನ್ನಿನ ಅಂಚಿನಿಂದ ಇಳಿದು ರಿಂಗ್ ಕೂತ ತೋಡಿನೊಳಗೆ ನುಗ್ಗಿ, ಹಿಂಬದಿಯಿಂದ ಅದನ್ನು ಹೊರಕ್ಕೆ ತಳ್ಳುತ್ತದೆ. ಒಳಗೆ ಒತ್ತಡ ಹೆಚ್ಚಿದಷ್ಟೂ ರಿಂಗ್ ಬಿಗಿ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪೂರ್ತಿ ಭಾರ ಎಳೆಯುವಾಗ ಈ ಒತ್ತಡ ವಾತಾವರಣದ ಒತ್ತಡದ 50 ಪಟ್ಟಿನ ಆಸುಪಾಸು ಮುಟ್ಟುತ್ತದೆ. ಆಕ್ಸಿಲರೇಟರ್ ಮೇಲೆ ಕಾಲು ಸುಮ್ಮನೆ ಇಟ್ಟಂತೆ ಹೋಗುವಾಗ ಅದರ ಸಣ್ಣ ಪಾಲು ಮಾತ್ರ.

ಒಂದೇ ವೇಗ ಬೇಡ ಎಂಬ ಮಾತಿನ ಗುಟ್ಟು ಇಲ್ಲಿದೆ. ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 70–80ರಲ್ಲಿ ಸಾಗುವ ಸಣ್ಣ ಕಾರಿಗೆ ಹತ್ತಿಪ್ಪತ್ತು ಅಶ್ವಶಕ್ತಿ ಸಾಕು. ಎಂಬತ್ತು ಅಶ್ವಶಕ್ತಿಯ ಎಂಜಿನ್ ಅಲ್ಲಿ ಅರೆನಿದ್ದೆಯಲ್ಲಿರುತ್ತದೆ. ಹಾಗೆ ಗಂಟೆಗಟ್ಟಲೆ ಹೋದರೆ ರಿಂಗ್ ಗೋಡೆಯ ಮೇಲೆ ತೇಲುತ್ತ ಹೋಗುತ್ತದೆಯೇ ಹೊರತು ಅದಕ್ಕೆ ಹೊಂದಿಕೊಳ್ಳುವುದಿಲ್ಲ. ಮೂರನೇ ಗೇರ್‌ನಲ್ಲಿ ಸ್ವಲ್ಪ ಜೋರಾಗಿ ಎಳೆದು, ಕಾಲು ತೆಗೆದು ಅದೇ ಗೇರ್‌ನಲ್ಲಿ ವೇಗ ಇಳಿಯಲು ಬಿಟ್ಟರೆ ಚಿತ್ರ ಬದಲಾಗುತ್ತದೆ. ಎಳೆಯುವಾಗ ಒತ್ತಡ ಏರಿ ರಿಂಗ್ ತೇಯುತ್ತದೆ. ಬಿಟ್ಟಾಗ ಭಾರ ಇಳಿದು, ಆ ಜಾಗ ತಣಿಯುತ್ತದೆ, ಎದ್ದ ಲೋಹದ ಪುಡಿಯನ್ನು ಎಣ್ಣೆ ಕೊಚ್ಚಿಕೊಂಡು ಹೋಗುತ್ತದೆ. ಜೊತೆಗೆ ಶಾಖ ಬದಲಾದಂತೆ ಪಿಸ್ಟನ್ನಿನ ಆಕಾರವೂ ಸಿಲಿಂಡರಿನ ಆಕಾರವೂ ಕೂದಲೆಳೆಯಷ್ಟು ಬದಲಾಗುತ್ತವೆ. ಒಂದೇ ಸ್ಥಿತಿಗೆ ಪಳಗುವುದಕ್ಕಿಂತ ಎಲ್ಲ ಸ್ಥಿತಿಗಳಿಗೂ ಪಳಗುವುದು ಮೇಲು.

ಅತಿಯಾದ ಮುದ್ದಿಗೂ ಬೆಲೆ ಇದೆ. ರಿಂಗ್ ಬಿಗಿಯಾಗಿ ಕೂರದಿದ್ದರೆ ಬಿಸಿ ಅನಿಲ ಅದರ ಪಕ್ಕದಿಂದ ನುಸುಳಿ ಗೋಡೆಯ ಎಣ್ಣೆಯನ್ನು ಬೇಯಿಸುತ್ತದೆ. ಬೆಂದ ಎಣ್ಣೆ ಮೆರುಗೆಣ್ಣೆ ಬಳಿದಂತೆ ಗಟ್ಟಿ ಪದರವಾಗಿ ಗೀರುಗಳ ತಗ್ಗನ್ನು ತುಂಬಿಬಿಡುತ್ತದೆ. ಗ್ಯಾರೇಜಿನವರು 'ಗ್ಲೇಜ್ ಆಗಿದೆ' ಎನ್ನುವುದು ಇದಕ್ಕೇ. ಆಮೇಲೆ ತೇಯಲು ಉಬ್ಬೂ ಇಲ್ಲ, ಎಣ್ಣೆ ನಿಲ್ಲಲು ತಗ್ಗೂ ಇಲ್ಲ. ಎಂಜಿನ್ ಆಯಿಲ್ ಕುಡಿಯಲು ಶುರುಮಾಡುತ್ತದೆ. ಹದಗೆಟ್ಟರೆ ಬಿಚ್ಚಿ ಮತ್ತೆ ಹೋನಿಂಗ್ ಮಾಡಿಸುವುದೊಂದೇ ದಾರಿ.

ಇದನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡವರು ಸಣ್ಣ ವಿಮಾನದವರು. ತರಬೇತಿ ಶಾಲೆಗಳಲ್ಲಿ ಹಾರುವ ಸೆಸ್ನಾ 172ರಂಥ ವಿಮಾನಗಳ ಪಿಸ್ಟನ್ ಎಂಜಿನ್ ಹೊಸದಾದಾಗ ಅದನ್ನು ನೆಲದ ಮೇಲೆ ಬಹಳ ಹೊತ್ತು ಓಡಿಸಬಾರದು, ಬೇಗ ಮೇಲೇರಿಸಿ ಶೇ 65ರಿಂದ 75ರಷ್ಟು ಶಕ್ತಿಯಲ್ಲಿ ಹಾರಿಸಬೇಕು ಎಂಬುದು ಅಲ್ಲಿನ ಪಾಠ. ಸಾಮಾನ್ಯವಾಗಿ ಮೊದಲ 50 ಗಂಟೆ, ಇಲ್ಲವೇ ಎಣ್ಣೆಯ ಖರ್ಚು ಒಂದು ಮಟ್ಟಕ್ಕೆ ನಿಲ್ಲುವ ತನಕ, ಸೇರ್ಪಡೆಗಳಿಲ್ಲದ ಸಾದಾ ಮಿನರಲ್ ಎಣ್ಣೆ. ಅತಿ ಒಳ್ಳೆಯ ಎಣ್ಣೆ ಹಾಕಿದರೆ ತೇಯುವುದೇ ತಡವಾಗುತ್ತದೆಂಬ ಲೆಕ್ಕ. ಗಂಟೆಗಟ್ಟಲೆ ಮುಕ್ಕಾಲು ಶಕ್ತಿಯಲ್ಲಿ ಓಡಿಸಲು ವಿಮಾನಕ್ಕೆ ಆಕಾಶವಿದೆ. ಕಾರಿಗೆ ರಸ್ತೆಯಲ್ಲಿ ಆ ಅವಕಾಶ ಇಲ್ಲವಾದ್ದರಿಂದ ಏರಿಳಿತದ ದಾರಿ.

ಹಾಗಾದರೆ ಮೊದಲ ದಿನವೇ ಕೆಂಪು ಗೆರೆಯವರೆಗೆ ಎಳೆದರೆ ತಪ್ಪೇನು? ತಪ್ಪೇ. ತುದಿ ಸವೆಯದ ಉಬ್ಬುಗಳ ಮೇಲೆ ರಿಂಗ್ ಕೂತಿರುವಾಗ ಇಡೀ ಒತ್ತಡ ಕೆಲವೇ ಬಿಂದುಗಳ ಮೇಲೆ ಬೀಳುತ್ತದೆ. ಅಲ್ಲಿ ಶಾಖ ಮಿತಿಮೀರಿದರೆ ಲೋಹಕ್ಕೆ ಲೋಹ ಕ್ಷಣಕಾಲ ಅಂಟಿ ಕಿತ್ತುಬರುತ್ತದೆ, ಉದ್ದುದ್ದ ಗೀಚು ಬೀಳುತ್ತದೆ. ಪಿಸ್ಟನ್ ಓಟದ ನಡುವೆ ಇರುವಾಗ ಎಣ್ಣೆಯ ಪದರ ಎರಡನ್ನೂ ಬೇರೆ ಇಟ್ಟಿರುತ್ತದೆ. ಮೇಲಿನ ಮತ್ತು ಕೆಳಗಿನ ತುದಿಯಲ್ಲಿ ಅದು ನಿಂತು ಹಿಂತಿರುಗಬೇಕು. ವೇಗ ಸೊನ್ನೆಯಾದ ಆ ಗಳಿಗೆಯಲ್ಲಿ ಪದರ ತೆಳುವಾಗಿ ರಿಂಗ್ ಗೋಡೆಯನ್ನು ಮುಟ್ಟುತ್ತದೆ. ಸಿಲಿಂಡರಿನ ಮೇಲ್ತುದಿ ಬೇಗ ಸವೆಯುವುದು ಇದರಿಂದಲೇ. ಹೈ ಗೇರ್‌ನಲ್ಲಿ ಎಳೆಸಬೇಡಿ ಎಂಬುದಕ್ಕೂ ಇದೇ ಕಾರಣ: ವೇಗ ಕಡಿಮೆ, ಒತ್ತಡ ಹೆಚ್ಚು, ಎಣ್ಣೆಯ ಪದರಕ್ಕೆ ಬಲ ಸಾಲದು.

960 ಕಿಲೋಮೀಟರ್ ಎಂದರೆ ಎಷ್ಟು ಉಜ್ಜಾಟ? ಗಂಟೆಗೆ 40ರ ಸರಾಸರಿ ಹಿಡಿದರೆ 24 ಗಂಟೆ. ಎಂಜಿನ್ ನಿಮಿಷಕ್ಕೆ ಸರಾಸರಿ 2,000 ಸುತ್ತು ತಿರುಗಿದೆ ಎಂದುಕೊಳ್ಳೋಣ. ಒಟ್ಟು 28.8 ಲಕ್ಷ ಸುತ್ತು. ಪಿಸ್ಟನ್ ಒಂದು ಕಡೆಗೆ 75 ಮಿಲಿಮೀಟರ್ ಓಡುವ ಎಂಜಿನ್ನಾದರೆ ಪ್ರತಿ ಸುತ್ತಿಗೆ ಹೋಗಿ ಬರುವ ದಾರಿ 15 ಸೆಂಟಿಮೀಟರ್. ಕಾರು 960 ಕಿಲೋಮೀಟರ್ ಕ್ರಮಿಸುವಷ್ಟರಲ್ಲಿ ಪ್ರತಿ ರಿಂಗೂ ಗೋಡೆಯ ಮೇಲೆ 432 ಕಿಲೋಮೀಟರ್ ಉಜ್ಜಿರುತ್ತದೆ, 57 ಲಕ್ಷಕ್ಕೂ ಹೆಚ್ಚು ಸಲ ನಿಂತು ತಿರುಗಿರುತ್ತದೆ. ಇಷ್ಟರೊಳಗೆ ಹೊಂದಿಕೊಳ್ಳದ ರಿಂಗ್ ಮುಂದೆ ಹೊಂದಿಕೊಳ್ಳುವುದು ಕಷ್ಟ.

ಹಳೆಯ ಕಾಲದಲ್ಲಿ ಈ ಪಥ್ಯ ಇನ್ನೂ ಕಠಿಣವಾಗಿತ್ತು. 1950ರ ದಶಕದ ಬ್ರಿಟನ್ನಿನಲ್ಲಿ ಹೊಸ ಕಾರು ಕೊಂಡವರು ಹಿಂದಿನ ಗಾಜಿಗೆ 'ರನ್ನಿಂಗ್ ಇನ್, ಪ್ಲೀಸ್ ಪಾಸ್' ಎಂಬ ಚೀಟಿ ಅಂಟಿಸಿಕೊಳ್ಳುತ್ತಿದ್ದರು. ನಾವು ನಿಧಾನ, ನೀವು ಮುಂದೆ ಹೋಗಿ ಎಂದು. ಈಗ ಆ ಚೀಟಿ ಬೇಕಿಲ್ಲ. ಪ್ಲಾಟೋ ಹೋನಿಂಗ್ ಎಂಬ ವಿಧಾನದಲ್ಲಿ ಮೊದಲು ಒರಟು ಕಲ್ಲಿನಿಂದ ಆಳದ ಗೀರು ಹಾಕಿ, ಕೊನೆಗೆ ನಯವಾದ ಕಲ್ಲಿನಿಂದ ಉಬ್ಬಿನ ತುದಿಗಳನ್ನಷ್ಟೇ ಸವರಿ ಚಪ್ಪಟೆ ಮಾಡುತ್ತಾರೆ. ಮಾಲೀಕ ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸದ ದೊಡ್ಡ ಪಾಲು ಕಾರ್ಖಾನೆಯಲ್ಲೇ ಮುಗಿಯುತ್ತದೆ. ರಿಂಗ್‌ನ ಮುಖಕ್ಕೂ ತುಸು ಉಬ್ಬು ಕೊಟ್ಟಿರುತ್ತಾರೆ. ಮೊದಲು ತೆಳುವಾದ ಒಂದು ಗೆರೆಯಷ್ಟೇ ತಾಗುವುದರಿಂದ ಅದು ಬೇಗ ಹೊಂದಿಕೊಳ್ಳುತ್ತದೆ. ಉಳಿದಿರುವ ಕೊನೆಯ ಅಂಶ ಮಾತ್ರ ನಮ್ಮ ಪಾಲಿಗೆ. ಬಿಎಂಡಬ್ಲ್ಯು ಕಂಪನಿಯ ಹಲವು ಎಂ ಕಾರುಗಳ ಕೈಪಿಡಿ 2,000 ಕಿಲೋಮೀಟರ್‌ವರೆಗೆ 5,500 ಆರ್‌ಪಿಎಂ ಮತ್ತು ಗಂಟೆಗೆ 170 ಕಿಲೋಮೀಟರ್ ಮಿತಿ ಹಾಕುತ್ತದೆ. ಇದನ್ನು ಆಮೆ ನಡಿಗೆ ಎನ್ನಲಾಗದು.

ಎಣ್ಣೆಯ ವಿಷಯದಲ್ಲಿ ಒಂದು ಗೊಂದಲ ಇದೆ. ಬೈಕ್‌ಗೆ ಮೊದಲ ಸರ್ವಿಸ್‌ನಲ್ಲೇ ಆಯಿಲ್ ಬದಲಿಸುತ್ತಾರೆ, ಕಾರಿಗೆ ಯಾಕಿಲ್ಲ ಎಂದು ಕೇಳುವವರುಂಟು. ಬಹುತೇಕ ಬೈಕ್‌ಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಎಲ್ಲದರ ಪುಡಿಯೂ ಅದಕ್ಕೇ ಸೇರುತ್ತದೆ. ಕಾರಿನಲ್ಲಿ ಗೇರ್‌ಬಾಕ್ಸಿನ ಎಣ್ಣೆ ಬೇರೆ. ಹೋಂಡಾ ಕಾರುಗಳ ಕೈಪಿಡಿಯಂತೂ ನಿಗದಿತ ಸಮಯಕ್ಕೆ ಮೊದಲು ಎಣ್ಣೆ ಬದಲಿಸಬೇಡಿ ಎಂದೇ ಹೇಳುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದನ್ನೇ ನಂಬಿ.

ನಮ್ಮ ರಸ್ತೆಗಳಿಗೆ ಇದನ್ನು ಹೊಂದಿಸಿ ನೋಡೋಣ. ಪೂಜೆ ಮಾಡಿಸಿ, ನಿಂಬೆಹಣ್ಣು ತುಳಿಸಿ, ಹೊಸ ಕಾರನ್ನು ನೇರ ಧರ್ಮಸ್ಥಳಕ್ಕೆ ಒಯ್ಯುವ ಮನೆಗಳು ಎಷ್ಟಿಲ್ಲ? ಮೊದಲ ಪ್ರಯಾಣಕ್ಕೇ ಘಾಟಿ ಯಾಕೆಂದು ಹಿರಿಯರು ಗದರಿದರೂ ಎಂಜಿನ್‌ಗೆ ಘಾಟಿ ಶತ್ರುವಲ್ಲ. ಏರಿನಲ್ಲಿ ಭಾರ, ಇಳಿಜಾರಿನಲ್ಲಿ ಬಿಡುವು, ತಿರುವಿಗೊಮ್ಮೆ ಗೇರ್ ಬದಲಾವಣೆ. ಅಲ್ಲಿ ಮಾಡಬೇಕಾದ್ದು ಇಷ್ಟೆ: ಡಿಕ್ಕಿ ತುಂಬ ಸಾಮಾನು ಹೇರಬೇಡಿ, ಏರಿನಲ್ಲಿ ಸಮಯಕ್ಕೆ ಸರಿಯಾಗಿ ಗೇರ್ ಇಳಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ. ದಿನವೂ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ಐಡಲ್‌ನಲ್ಲಿ ನಿಲ್ಲುವುದು, ಹೆದ್ದಾರಿಗೆ ಬಂದೊಡನೆ ಕ್ರೂಸ್ ಕಂಟ್ರೋಲ್ ಒತ್ತಿ ಸುಮ್ಮನಾಗುವುದು, ಇವೆರಡೇ ಹೊಸ ಎಂಜಿನ್‌ಗೆ ಹೆಚ್ಚು ಅನಾನುಕೂಲ. ಬೆಳಿಗ್ಗೆ ಸ್ಟಾರ್ಟ್ ಮಾಡಿ ನಿಂತಲ್ಲೇ ಬಿಸಿ ಮಾಡುವ ಬದಲು, ಮೆಲ್ಲಗೆ ಹೊರಟು ನಾಲ್ಕೈದು ಕಿಲೋಮೀಟರ್ ಹದವಾಗಿ ಓಡಿಸಿ.

ಘಾಟಿಯಲ್ಲಿ ಎಂಜಿನ್‌ಗಿಂತ ಬ್ರೇಕಿನ ಬಗ್ಗೆ ಯೋಚಿಸಬೇಕು. ಅದೂ ಹೊಸದೇ. ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಪೂರ್ತಿ ತಾಗುವಂತೆ ಸವೆಯುವ ತನಕ ಹಿಡಿತ ಕಡಿಮೆ. ಸುಜುಕಿ ಪುಸ್ತಕ ಮೊದಲ 320 ಕಿಲೋಮೀಟರ್ ಜೋರು ಬ್ರೇಕ್ ಬೇಡ ಎನ್ನುವುದು ಅದಕ್ಕೇ. ಟೈರಿನ ಹೊರಮೈಯ ನುಣುಪು ಹೋಗಲೂ ಸ್ವಲ್ಪ ದಾರಿ ಬೇಕು. ಆದ್ದರಿಂದ ಇಳಿಜಾರಿನಲ್ಲಿ ಎರಡನೇ ಗೇರ್, ಮುಂದಿನ ಗಾಡಿಯಿಂದ ಹೆಚ್ಚು ಅಂತರ. ಎಲೆಕ್ಟ್ರಿಕ್ ಕಾರು ಕೊಂಡವರಿಗೆ ರಿಂಗು, ಎಂಜಿನ್ ಆಯಿಲಿನ ಗೋಜಿಲ್ಲ. ಬ್ರೇಕ್ ಮತ್ತು ಟೈರಿನ ಈ ಎಚ್ಚರ ಮಾತ್ರ ಅವರಿಗೂ ತಪ್ಪಿದ್ದಲ್ಲ.

ರಿಂಗ್ ಚೆನ್ನಾಗಿ ಕೂತಿದೆಯೇ ಎಂದು ತಿಳಿಯಲು ಎಂಜಿನ್ ಬಿಚ್ಚಬೇಕಿಲ್ಲ. ತಿಂಗಳಿಗೊಮ್ಮೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಿ. ಮೊದಮೊದಲು ಎಣ್ಣೆ ಕೂದಲಷ್ಟು ಇಳಿದರೆ ಗಾಬರಿ ಬೇಡ, ತೇಯುವ ಕೆಲಸ ಇನ್ನೂ ನಡೆದಿದೆ. ಕೆಲವು ಸಾವಿರ ಕಿಲೋಮೀಟರ್ ಕಳೆದ ಮೇಲೆ ಮಟ್ಟ ಅಲ್ಲಾಡದೆ ನಿಂತರೆ ಕೆಲಸ ಮುಗಿದಂತೆ. ಇಳಿಯುತ್ತಲೇ ಹೋದರೆ ವಾರಂಟಿ ಇರುವಾಗಲೇ ಸರ್ವಿಸ್ ಸೆಂಟರಿನವರಿಗೆ ತೋರಿಸಿ, ಪ್ರತಿ ಸಲದ ಅಳತೆಯನ್ನು ಬರೆದಿಟ್ಟ ಚೀಟಿಯ ಸಮೇತ.