ನಿಮಗಿದು ಗೊತ್ತೇ? ಏರ್‌ಸಾಫ್ಟ್ ಗಿಯರ್‌ಬಾಕ್ಸಿನಲ್ಲಿ ಮೊದಲು ಬದಲಿಸಬೇಕಾದ್ದು ಸ್ಪ್ರಿಂಗ್ ಅಲ್ಲ

ಬ್ಯಾಟರಿ, ಮೋಟರು, ಗಿಯರ್‌ಬಾಕ್ಸ್ ಮೂರನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ಮೊದಲ ಏರ್‌ಸಾಫ್ಟ್ ಗನ್, ಎಂದರೆ ಪ್ಲಾಸ್ಟಿಕ್ ಗುಂಡಿನ ಆಟದ ಬಂದೂಕು, 1991ರಲ್ಲಿ ಜಪಾನಿನಲ್ಲಿ ಬಂತು. ಟೋಕಿಯೊ ಮಾರುಯಿ ಕಂಪನಿ ಅದನ್ನು ಫ್ರಾನ್ಸಿನ ಫಾಮಾಸ್ ಬಂದೂಕಿನ ರೂಪದಲ್ಲಿ ಮಾಡಿತ್ತು.

ಗಿಯರ್‌ಬಾಕ್ಸಿನೊಳಗೆ ಇರುವುದು ಮೂರೇ ಗಿಯರ್. ಮೂರನೆಯದಕ್ಕೆ ಸುತ್ತಳತೆಯ ಒಂದು ಭಾಗದಲ್ಲಷ್ಟೇ ಹಲ್ಲು. ಹಲ್ಲು ಇರುವಷ್ಟು ಹೊತ್ತು ಅದು ಪಿಸ್ಟನ್ನನ್ನು ಹಿಂದಕ್ಕೆ ಎಳೆಯುತ್ತದೆ. ಹಲ್ಲು ಮುಗಿದ ಕ್ಷಣ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ಎಸೆಯುತ್ತದೆ, ಒತ್ತಿದ ಗಾಳಿ 6 ಮಿ.ಮೀ.ನ ಪ್ಲಾಸ್ಟಿಕ್ ಗುಂಡನ್ನು ತಳ್ಳುತ್ತದೆ. ಗಿಯರ್, ಪಿಸ್ಟನ್, ಓ-ರಿಂಗ್, ಎರಕದ ಕವಚ: ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸುತ್ತು ಹಾಕಿದವರಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ.

ಸ್ಪ್ರಿಂಗಿನ ಮೇಲೆ ಎಂ-100 ಎಂದಿದ್ದರೆ 0.20 ಗ್ರಾಂ ಗುಂಡು ಸೆಕೆಂಡಿಗೆ ಹೆಚ್ಚುಕಡಿಮೆ 100 ಮೀಟರ್ ವೇಗದಲ್ಲಿ ಹೋಗುತ್ತದೆ ಎಂದು ಲೆಕ್ಕ. ಆ ಗುಂಡಿನ ಶಕ್ತಿ ಸುಮಾರು 1 ಜೌಲ್. ಎಂ-120 ಹಾಕಿದರೆ ವೇಗ ಏರುವುದು ಶೇ 20; ಶಕ್ತಿ ಏರುವುದು ಶೇ 44. ಆ ಹೆಚ್ಚಿನ ಭಾರವನ್ನು ಮೋಟರು, ಗಿಯರಿನ ಹಲ್ಲು, ಪಿಸ್ಟನ್ನಿನ ಹಲ್ಲು, ಕವಚ ಎಲ್ಲವೂ ಹೊರಬೇಕು. ಸ್ಪ್ರಿಂಗ್ ಒಂದನ್ನೇ ಬದಲಿಸುವುದು ಗಿಯರ್‌ಬಾಕ್ಸ್ ಕೆಡಿಸುವ ಅತಿ ಸುಲಭದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಮೊದಲು ಯಾವುದು? ಗಾಳಿ ಸೋರದಂತೆ ಮಾಡುವುದು. ಪಿಸ್ಟನ್ನನ್ನು ಸಿಲಿಂಡರಿಗೆ ಹಾಕಿ, ನಳಿಕೆಯ ಬಾಯಿಗೆ ಬೆರಳು ಒತ್ತಿ, ಹಿಂದಿನಿಂದ ತಳ್ಳಿ ನೋಡಿ. ಪಿಸ್ಟನ್ ತಡೆದು ನಿಂತರೆ ಸರಿ, ಮೆಲ್ಲಗೆ ಒಳಗೆ ಜಾರಿದರೆ ಸೋರಿಕೆ ಇದೆ. ಹಲವು ಸಲ ಒಂದು ಓ-ರಿಂಗ್ ಬದಲಿಸಿದರೆ ಸಾಕು, ಹೊಸ ಸ್ಪ್ರಿಂಗ್ ಬೇಕಾಗುವುದೇ ಇಲ್ಲ. ಸುರೇಶ ಹುಂದ್ರೆ ಮತ್ತು ಜೊತೆಗಾರರು ಬೆಳಗಾವಿಯಲ್ಲಿ ಕಟ್ಟಿದ ಪಾಲಿಹೈಡ್ರಾನ್ ಹೈಡ್ರಾಲಿಕ್ ಪಂಪು, ವಾಲ್ವುಗಳಿಗೆ ಹೆಸರಾದ ಕಂಪನಿ. ಆ ಕಸುಬಿನ ಮೂಲಪಾಠವೂ ಇದೇ: ಪಿಸ್ಟನ್ನಿಗೂ ಅದು ಓಡಾಡುವ ಕೊಳವೆಗೂ ನಡುವಿನ ಸಂದು ಹೆಚ್ಚಾದರೆ ಎಷ್ಟು ದೊಡ್ಡ ಮೋಟರು ಕಟ್ಟಿದರೂ ಒತ್ತಡ ಏರದು.

ರಬ್ಬರಿಗೆ ಸಿಲಿಕೋನ್ ಎಣ್ಣೆ, ಗಿಯರಿಗೆ ಲಿಥಿಯಂ ಗ್ರೀಸ್. ಅದಲುಬದಲು ಬೇಡ. ಕಣಕುಂಬಿಯ ಕಡೆ ಮಳೆಗಾಲ ಕಳೆಯುವವರು ಗಿಯರಿನ ಅಕ್ಷಕ್ಕೂ ತೆಳುವಾಗಿ ಗ್ರೀಸ್ ಸವರಿಡಬೇಕು. ಆ ತೇವದಲ್ಲಿ ಉಕ್ಕಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ.

ಎರಡನೆಯದು ಶಿಮ್. 0.1 ಮಿ.ಮೀ.ಯಷ್ಟು ತೆಳ್ಳಗಿನ ಉಕ್ಕಿನ ಬಿಲ್ಲೆ ಅದು. ಗಿಯರುಗಳು ಒಂದಕ್ಕೊಂದು ಉಜ್ಜದೆ, ಪಕ್ಕಕ್ಕೆ ಅಲುಗಾಡದೆ ನಿಲ್ಲುವುದು ಇದರಿಂದ. ಗಿಯರ್‌ಬಾಕ್ಸ್ ಕಿರುಗುಟ್ಟುತ್ತಿದ್ದರೆ ದುಬಾರಿ ಗಿಯರ್ ತರಿಸುವ ಮೊದಲು ಶಿಮ್ ಸರಿಮಾಡಿ. ಒಂದು ಸಂಜೆಯ ತಾಳ್ಮೆ ಬೇಡುವ ಈ ಕೆಲಸವನ್ನು ಯಾವ ಹೊಸ ಬಿಡಿಭಾಗವೂ ನಿಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಗಿಯರ್ ಪೆಟ್ಟಿಗೆಯ ಮೇಲಿನ 18:1, 13:1 ಏನು ಹೇಳುತ್ತವೆ? ಮೋಟರು ನಿಮಿಷಕ್ಕೆ 18,000 ಸುತ್ತು ತಿರುಗಿದರೆ ಮೊದಲನೆಯದರಲ್ಲಿ ನಿಮಿಷಕ್ಕೆ 1,000 ಗುಂಡು, ಎಂದರೆ ಸೆಕೆಂಡಿಗೆ ಸುಮಾರು 17. ಎರಡನೆಯದರಲ್ಲಿ ಸೆಕೆಂಡಿಗೆ 23. ಅವಸರ ಹೆಚ್ಚಾದರೆ ಪಿಸ್ಟನ್ ಮುಂದಕ್ಕೆ ಪೂರ್ತಿ ತಲುಪುವ ಮೊದಲೇ ಗಿಯರಿನ ಮುಂದಿನ ಹಲ್ಲು ಬಂದು ಅದಕ್ಕೆ ತಗಲುತ್ತದೆ, ಪಿಸ್ಟನ್ನಿನ ಹಲ್ಲುಗಳು ಸಾಲಾಗಿ ಕಿತ್ತುಹೋಗುತ್ತವೆ. ವೇಗ ಬೇಕೆನ್ನುವವರು ಹಗುರ ಪಿಸ್ಟನ್ ಆರಿಸಬೇಕು. ಪೂರ್ತಿ ಲೋಹದ್ದು ಗಟ್ಟಿ ಎಂದು ಕೊಳ್ಳುವವರಿದ್ದಾರೆ. ಆದರೆ ಅದರ ತೂಕ ಪ್ರತಿ ಹೊಡೆತದಲ್ಲೂ ಕವಚದ ಮೂತಿಗೆ ಬಡಿಯುತ್ತದೆ. ಪಾಲಿಕಾರ್ಬೊನೇಟ್ ಮೈ, ಉಕ್ಕಿನ ಹಲ್ಲು ಇರುವ ಪಿಸ್ಟನ್ನೇ ಬಹಳ ಜನರಿಗೆ ಸಾಕು.

ಆ ಕವಚದ ಬಗ್ಗೆ ಒಂದೆರಡು ಮಾತು ಹೆಚ್ಚಾಗಿ ಹೇಳಬೇಕು. ಸಾಮಾನ್ಯವಾಗಿ ಅದು ಸತುವಿನ ಮಿಶ್ರಲೋಹದ ಎರಕ. ಎಂ-4 ಮಾದರಿಯ ಗನ್ನುಗಳಲ್ಲಿರುವ ‘ವರ್ಷನ್ 2’ ಕವಚ ಒಡೆಯುವುದು ಬಹುತೇಕ ಒಂದೇ ಕಡೆ, ಸಿಲಿಂಡರ್ ಕೂರುವ ಕಿಟಕಿಯ ಮುಂದಿನ ಮೂಲೆಯಲ್ಲಿ. ಆ ಮೂಲೆ ಚೂಪಾಗಿ ಲಂಬಕೋನದಲ್ಲಿರುತ್ತದೆ, ಪೆಟ್ಟಿನ ಬಲವೆಲ್ಲ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಪ್ಯಾಟರ್ನ್ ಮಾಡುವ ಯಾವ ನುರಿತ ಕೈಯೂ ಒಳಮೂಲೆಯನ್ನು ಹಾಗೆ ಚೂಪಾಗಿ ಬಿಡುವುದಿಲ್ಲ, ಗುಂಡಗೆ ತಿರುಗಿಸುತ್ತದೆ. ಲೋಹ ತಣಿಯುವಾಗ ಅಲ್ಲಿ ಬಿರುಕು ಬರಬಾರದು, ಆಮೇಲೆ ಭಾರ ಬಿದ್ದಾಗಲೂ ಬರಬಾರದು ಎಂಬ ಎಚ್ಚರ ಅದು. ಏರ್‌ಸಾಫ್ಟ್ ಬಲ್ಲವರು ಸಣ್ಣ ಗುಂಡು ಅರದಿಂದ ಆ ಮೂಲೆಯನ್ನು ಉಜ್ಜಿ ದುಂಡಗೆ ಮಾಡುತ್ತಾರೆ. ಖರ್ಚಿಲ್ಲದ ಕೆಲಸ, ಆದರೂ ಇಷ್ಟು ಆಯಸ್ಸು ಕೊಡುವ ಮಾರ್ಪಾಡು ಇನ್ನೊಂದನ್ನು ನಾನು ಕಾಣೆ.

ಪಿಸ್ಟನ್ನಿನ ಪೆಟ್ಟು ತಗ್ಗಿಸಲು ಸಿಲಿಂಡರಿನ ಮುಚ್ಚಳಕ್ಕೆ ಅಂಟಿಸುವ ಮೆತ್ತೆಯ ಹೆಸರು ಸಾರ್ಬೊಥೇನ್. ಬೂಟಿನ ಒಳ ಅಟ್ಟೆಗೆ ಬಳಸುವುದೂ ಇದನ್ನೇ.

ಗಿಯರ್ ಕೊಳ್ಳುವಾಗ ಎರಕದ್ದೋ, ಉಕ್ಕಿನ ಗಟ್ಟಿಯಿಂದ ಸಿಎನ್‌ಸಿ ಯಂತ್ರದಲ್ಲಿ ಕಡೆದದ್ದೋ ಎಂದು ಕೇಳಿ. ಎರಕದೊಳಗೆ ಕಣ್ಣಿಗೆ ಕಾಣದ ಗಾಳಿಗುಳ್ಳೆ ಇರಬಹುದು. ಇವೆರಡೂ ಅಲ್ಲದ ಮೂರನೆಯ ದಾರಿ ಫೋರ್ಜಿಂಗ್. ಬೆಳಗಾವಿ ಹತ್ತಿರದ ಹತ್ತರಗಿಯಲ್ಲಿ ಏಕಸ್ ಸಂಸ್ಥೆ ನಡೆಸುವ ವಿಮಾನ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯದಲ್ಲಿ ಫೋರ್ಜಿಂಗ್ ಘಟಕವೂ ಇದೆ. ಕಾಯಿಸಿ ಒತ್ತಿ ರೂಪಿಸಿದ ಲೋಹದ ಒಳಹೆಣಿಗೆ ಆಕಾರದ ಜೊತೆಗೇ ಬಾಗುತ್ತದೆ, ಪೆಟ್ಟು ತಾಳುತ್ತದೆ.

11.1 ವೋಲ್ಟ್ ಲಿಪೊ ಬ್ಯಾಟರಿ ಹಾಕುತ್ತೀರಾ? ಪ್ರತಿ ಸಲ ಒತ್ತಿದಾಗಲೂ ಟ್ರಿಗರಿನ ತಾಮ್ರದ ತುದಿಗಳ ನಡುವೆ ಕಿಡಿ ಹಾರಿ ಅವು ಸುಟ್ಟುಹೋಗುತ್ತವೆ. ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಹಾಕಿದರೆ ಮೋಟರಿನ ಭಾರೀ ವಿದ್ಯುತ್ತು ಆ ತುದಿಗಳನ್ನು ಮುಟ್ಟುವುದೇ ಇಲ್ಲ.

ಇನ್ನು ಕಾನೂನು. ಇದನ್ನು ಓದದೆ ಮುಂದೆ ಹೋಗಬೇಡಿ. ನಮ್ಮ 2016ರ ಆಯುಧ ನಿಯಮಗಳು ಪರವಾನಗಿ ಬೇಡದ ಗಾಳಿ ಬಂದೂಕಿಗೆ ಎರಡು ಗೆರೆ ಎಳೆದಿವೆ: 20 ಜೌಲ್ ಶಕ್ತಿ ಮತ್ತು 4.5 ಮಿ.ಮೀ. ನಳಿಕೆ. ಏರ್‌ಸಾಫ್ಟಿನ ಶಕ್ತಿ ಮೊದಲ ಗೆರೆಗಿಂತ ಬಹಳ ಕೆಳಗಿದೆ. ಆದರೆ 6 ಮಿ.ಮೀ. ಗುಂಡು ಎರಡನೆಯ ಗೆರೆಯೊಳಗೆ ಬರುವುದಿಲ್ಲ. ಆದ್ದರಿಂದ ಕೊಳ್ಳುವ, ಹೊರದೇಶದಿಂದ ತರಿಸುವ ಮಾತಿಗೆ ಮೊದಲು ಪೊಲೀಸರಲ್ಲಿ ವಿಚಾರಿಸಿ. ಜಪಾನಿನಲ್ಲಿ 2006ರ ತಿದ್ದುಪಡಿಯ ನಂತರ 6 ಮಿ.ಮೀ. ಗುಂಡಿಗೆ ಇರುವ ಮಿತಿ ಸುಮಾರು 0.98 ಜೌಲ್. ಆಟಕ್ಕೆ ಅಷ್ಟು ಧಾರಾಳವಾಗಿ ಸಾಕು, ಕಣ್ಣಿಗೆ ರಕ್ಷಣೆಯ ಕನ್ನಡಕವಂತೂ ಅಷ್ಟಕ್ಕೂ ಬೇಕೇ ಬೇಕು.

ಖಾನಾಪುರದ ಕಾಡು ಕಂಡು ಆಟದ ಬಯಲೆಂದುಕೊಳ್ಳುವ ಗೆಳೆಯರಿಗೆ ಇನ್ನೊಂದು ವಿಷಯ. ಅಲ್ಲಿನ ಭೀಮಗಡ 2011ರಿಂದ ವನ್ಯಜೀವಿಧಾಮ. ವನ್ಯಜೀವಿ ಕಾಯ್ದೆಯ 31ನೇ ಕಲಮಿನ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಲ್ಲಿಗೆ ಕಾಲಿಡುವಂತಿಲ್ಲ. ಆ ಕಾಯ್ದೆ ಆಯುಧ ಎನ್ನುವುದು ಕೋವಿಯನ್ನಷ್ಟೇ ಅಲ್ಲ, ಪ್ರಾಣಿಗೆ ಗಾಯ ಮಾಡಬಲ್ಲ ಯಾವುದೇ ಸಾಧನವನ್ನು. ಅದೇ ಕಾಡಿನ ಬಾರಾಪೇಡೆ ಗುಹೆಗಳಲ್ಲಿ ರೌಟನ್ ಬಾವಲಿ ಎಂಬ ಅತಿ ಅಪರೂಪದ ಜೀವ ನೆಲೆಸಿದೆ.