ಹಳೇ ಇಂಜಿನ್ನಿಗೆ ಹೊಸ ಮಂಡೆ

ಈ ಸಂಚಿಕೆ ಹುಟ್ಟಿದ್ದು ಕುವೈತಿನ ಶುವೈಖ್ ಕೈಗಾರಿಕಾ ಪ್ರದೇಶದಿಂದ ಬಂದ ಒಂದು ವಾಯ್ಸ್ ಮೆಸೇಜಿನಿಂದ. ಕಳಿಸಿದವರು ಉಡುಪಿ ಕಡೆಯವರು, ಅಲ್ಲಿ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. “ಡಾಕ್ಟ್ರೇ, ನೀವು ಜೀವಶಾಸ್ತ್ರದವರು, ಗೊತ್ತುಂಟು. ಆದ್ರೂ ಕೇಳ್ತೇನೆ. ಹಳೇ ಪಿಕಪ್ಪಿಗೆ ಹೊಸ ಮಂಡೆ ಕೂರಿಸಿದ್ದೇನೆ. ಬೋಲ್ಟೆಲ್ಲ ಸರಿಯಾಗಿ ಕೂತಿದೆ. ಬೆಳಿಗ್ಗೆ ಏನೂ ತೊಂದರೆ ಇಲ್ಲ. ಮಧ್ಯಾಹ್ನ ಲೋಡು ಹಾಕಿ ಫ್ಲೈಓವರ್ ಹತ್ತುವಾಗ ಮಾತ್ರ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು. ಎಲ್ಲಿ ತಪ್ಪಿತು ಮಾರಾಯ್ರೆ?”

ಕರಾವಳಿಯಲ್ಲಿ ಮಂಡೆ ಅಂದ್ರೆ ತಲೆ. ಇಲ್ಲಿ ಅವರು ಹೇಳ್ತಿರೋದು ಸಿಲಿಂಡರ್ ಹೆಡ್. ಗಾಡಿ 1980ರ ದಶಕದ ಶೆವರ್ಲೆ ಪಿಕಪ್. ಕುವೈತಿನಲ್ಲಿ ಪಿಕಪ್ಪಿಗೆ ‘ವನೇತ್’ ಅಂತಾರೆ. ಯಜಮಾನರು ವಫ್ರಾದ ತೋಟದಿಂದ ತರಕಾರಿ ತರುವವರು, ಗಾಡಿ ಅವರ ತೀರಿಹೋದ ತಂದೆಯದು. ಮಾರುವ ಮಾತೇ ಇಲ್ಲ. “ಸರಿ ಮಾಡಿ ಕೊಡ್ತೇನೆ ಅಂತ ಮಾತು ಕೊಟ್ಟಿದ್ದೇನೆ” ಎಂದು ನಮ್ಮ ಮೆಕ್ಯಾನಿಕ್ ಮೆಸೇಜು ಮುಗಿಸಿದ್ದರು. ಆ ಸದ್ದು ಹಾಗೇ ಮುಂದುವರಿದರೆ ಪಿಸ್ಟನ್ನೇ ಒಡೆಯಬಹುದು. ಹಾಗಾಗಿ ನಾವು ಕೂತು ಲೆಕ್ಕ ಹಾಕಿದೆವು.

ಮೊದಲು, ಹೊಸ ಹೆಡ್ಡು ಹಳೇ ಇಂಜಿನ್ನಿನ ಮೇಲೆ ಕೂರುವುದಾದರೂ ಹೇಗೆ? ಶೆವರ್ಲೆ ಕಂಪನಿ ‘ಸ್ಮಾಲ್ ಬ್ಲಾಕ್’ ಎಂಬ ವಿ-8 ಇಂಜಿನ್ನನ್ನು ತಂದದ್ದು 1955ರಲ್ಲಿ. ಎಂಟು ಸಿಲಿಂಡರು ಎರಡು ಸಾಲಿನಲ್ಲಿ, ಆದ್ದರಿಂದ ಎರಡು ಹೆಡ್ಡು, ಒಂದೊಂದಕ್ಕೆ 17 ಬೋಲ್ಟು. ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ್ದರ ನಡುವಿಗೆ 4.4 ಇಂಚು, ಅಂದ್ರೆ ಸುಮಾರು 112 ಮಿಲಿಮೀಟರು. 1996ರಲ್ಲಿ ಲಾರಿ, ಪಿಕಪ್ಪುಗಳಿಗೆ ‘ವೋರ್ಟೆಕ್’ ಹೆಡ್ಡು ಬಂದಾಗಲೂ ಈ ಅಳತೆ ಬದಲಾಗಿರಲಿಲ್ಲ. ಇಂಧನ ಸಿಂಪಡಿಸುವ ವ್ಯವಸ್ಥೆಯೂ ಹೊಸ ಹೆಡ್ಡೂ ಸೇರಿ, ಅದೇ 5.7 ಲೀಟರಿನ ಇಂಜಿನ್ನು ಸುಮಾರು 200 ಕುದುರೆ ಬಲದಿಂದ 255ಕ್ಕೆ ಏರಿತು. ಅದಕ್ಕೇ ಗುಜರಿಯಲ್ಲಿ ಈ ಹೆಡ್ಡಿಗೆ ಬೇಡಿಕೆ. ನಮ್ಮವರಿಗೂ ಅದು ಸಿಕ್ಕಿದ್ದು ಅಮ್ಘರಾದ ಗುಜರಿಯಲ್ಲಿ.

ಆದರೆ ನೋಡಿ, ಹೆಡ್ಡು ಅಂದ್ರೆ ಬರೀ ಮುಚ್ಚಳ ಅಲ್ಲ. ಗಾಳಿ ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ, ವಾಲ್ವು, ಸ್ಪಾರ್ಕ್ ಪ್ಲಗ್ಗು, ಪೆಟ್ರೋಲು ಉರಿಯುವ ಪುಟ್ಟ ಕೋಣೆ ಎಲ್ಲ ಅದರಲ್ಲೇ ಇರುತ್ತೆ. ಬ್ಲಾಕಿನ ಕಡೆಯ ಬೋಲ್ಟು ಕೂತಿತು ಅಂದ ಮಾತ್ರಕ್ಕೆ ಉಳಿದ ನೆರೆಹೊರೆಯವರು ಒಪ್ಪಿದರು ಅಂತ ಅರ್ಥ ಅಲ್ಲ.

ಒಬ್ಬೊಬ್ಬರನ್ನೇ ಕೇಳೋಣ. ಇನ್‌ಟೇಕ್ ಮ್ಯಾನಿಫೋಲ್ಡು: ಹಳೇದಕ್ಕೆ 12 ಬೋಲ್ಟು, ವೋರ್ಟೆಕ್ಕಿಗೆ 8, ಕೋನವೂ ಬೇರೆ. ಹಳೇದು ಕೂರುವುದೇ ಇಲ್ಲ, ಹೊಸದು ಬೇಕು. ರಾಕರ್: ಹಳೇ ಹೆಡ್ಡಿನಲ್ಲಿ ಅದು ವಾಲ್ವಿನ ತುದಿಯಿಂದ ಪಕ್ಕಕ್ಕೆ ಜಾರದಂತೆ ಪುಷ್‌ರಾಡನ್ನು ಹೆಡ್ಡಿನ ರಂಧ್ರವೇ ಹಿಡಿದಿರುತ್ತೆ. ವೋರ್ಟೆಕ್ಕಿನಲ್ಲಿ ರಾಕರೇ ವಾಲ್ವಿನ ತುದಿಯನ್ನು ಹಿಡಿದುಕೊಳ್ಳಬೇಕು. ಹಳೇ ರಾಕರ್ ಹಾಕಿದರೆ ಜಾರುತ್ತೆ. ಕ್ಯಾಮ್ ಶಾಫ್ಟು ವಾಲ್ವನ್ನು ಸುಮಾರು 12 ಮಿಲಿಮೀಟರಿಗಿಂತ ಹೆಚ್ಚು ಎತ್ತುವಂಥದ್ದಾದರೆ, ಸ್ಪ್ರಿಂಗ್ ಹಿಡಿಯುವ ಬಿಲ್ಲೆ ಕೆಳಗಿನ ಗೈಡಿಗೆ ಬಡಿಯುತ್ತೆ. ಮೇಲಿನ ಕವರೂ ಬೇರೆ, ಬೋಲ್ಟು ಅಂಚಿನಲ್ಲಲ್ಲ, ನಡುವಿನಲ್ಲಿ.

ಇದನ್ನೆಲ್ಲ ಅವರು ಸರಿಯಾಗಿಯೇ ಮಾಡಿದ್ದರು. ರಾಕರಿನ ಸದ್ದಾಗಿದ್ದರೆ ಬೆಳಿಗ್ಗೆ ಗಾಡಿ ನಿಂತಲ್ಲೇ ಟಕಟಕ ಅನ್ನುತ್ತಿತ್ತು. ಬಿಸಿಲು ಮತ್ತು ಲೋಡು ಎರಡೂ ಸೇರಿದಾಗ ಮಾತ್ರ ಬರುವ ಸದ್ದು ಇನ್ನೊಂದರದ್ದು, ಅದು ನಾಕಿಂಗ್. ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಗಾಳಿ-ಪೆಟ್ರೋಲು ತಾನಾಗಿ ಹೊತ್ತಿಕೊಂಡು ಸ್ಫೋಟಿಸುವುದು.

ಈಗ ಲೆಕ್ಕ. ಆ ಕಾಲದ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿದ್ದ ಹೆಡ್ಡಿನ ಕೋಣೆ 76 ಮಿಲಿಲೀಟರು, ವೋರ್ಟೆಕ್ಕಿನದು 64. ವ್ಯತ್ಯಾಸ 12 ಮಿಲಿಲೀಟರು, ಔಷಧಿ ಕುಡಿಯುವ ಚಮಚದಲ್ಲಿ ಎರಡೂವರೆ ಚಮಚ. ಅಷ್ಟೇನಾ ಅನ್ನಬೇಡಿ. ಒಂದು ಸಿಲಿಂಡರಿನಲ್ಲಿ ಪಿಸ್ಟನ್ನು ಓಡಾಡುವ ಜಾಗ ಸುಮಾರು 717 ಮಿಲಿಲೀಟರು. ಅದನ್ನೆಲ್ಲ ಕೊನೆಗೆ ಒತ್ತುವುದು ಈ ಪುಟ್ಟ ಕೋಣೆಗೆ. ಮೊದಲು ಕಂಪ್ರೆಶನ್ 8.3 ಇದ್ದರೆ, ಹೆಡ್ಡು ಬದಲಾದ ಮೇಲೆ 9.3. ಸೈಕಲ್ ಪಂಪು ಒತ್ತಿದಾಗ ಬುಡ ಬಿಸಿಯಾಗುತ್ತಲ್ಲ, ಅದೇ ಇಲ್ಲೂ ಆಗೋದು. ಈ ಒಂದು ಅಂಕದ ಏರಿಕೆಗೇ ಒತ್ತಿದ ಗಾಳಿ ಸುಮಾರು 28 ಡಿಗ್ರಿ ಹೆಚ್ಚು ಕಾಯುತ್ತೆ.

ಇದರ ಮೇಲೆ ಕುವೈತಿನ ಬೇಸಿಗೆ. ಅಲ್ಲಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿತ್ತು. 27 ಡಿಗ್ರಿಯ ಗಾಳಿಯ ಬದಲು 50 ಡಿಗ್ರಿಯದು ಇಂಜಿನ್ನಿನೊಳಗೆ ಹೋದರೆ ಬಾಗಿಲಲ್ಲಿ ವ್ಯತ್ಯಾಸ 23 ಡಿಗ್ರಿ, ಒತ್ತಿ ಮುಗಿಯುವಾಗ ಸುಮಾರು 50. ಉಡುಪಿಯ ಮಳೆಗಾಲದಲ್ಲಿ ಸದ್ದಿಲ್ಲದೆ ಓಡಬಹುದಾದ ಗಾಡಿ ಶುವೈಖಿನ ಮಧ್ಯಾಹ್ನದಲ್ಲಿ ಕಲ್ಲು ಅಲ್ಲಾಡಿಸುತ್ತೆ.

ಹಾಗಂತ ಹೊಸ ಹೆಡ್ಡು ತಪ್ಪಲ್ಲ. ಅದರ ಕೋಣೆಯ ಆಕಾರ ಎಂಥದ್ದೆಂದರೆ ಪೆಟ್ರೋಲು ಬೇಗ ಉರಿಯುತ್ತೆ, ಆದ್ದರಿಂದ ಕಿಡಿಯನ್ನು ಅಷ್ಟು ಮುಂಚೆ ಹೊತ್ತಿಸುವ ಅಗತ್ಯ ಇಲ್ಲ. ನಮ್ಮವರು ಟೈಮಿಂಗನ್ನು ಹಳೇ ಹೆಡ್ಡಿನ ಲೆಕ್ಕದಲ್ಲೇ ಬಿಟ್ಟಿದ್ದರು, ಪೆಟ್ರೋಲೂ ಹಳೇ ರೂಢಿಯಂತೆ 91. ಕುವೈತಿನ ಬಂಕಿನಲ್ಲಿ 95 ಕೂಡ ಸಿಗುತ್ತೆ, ಅದು ತಾನಾಗಿ ಹೊತ್ತಿಕೊಳ್ಳುವುದನ್ನು ಹೆಚ್ಚು ತಡೆಯುತ್ತೆ.

ಇಲ್ಲಿ ನಮ್ಮ ಕ್ಷೇತ್ರದ ಒಂದು ಪ್ರಯೋಗ ನೆನಪಾಯ್ತು. 2015ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡವೊಂದು ಯೀಸ್ಟಿನ ಬದುಕಿಗೆ ಅತ್ಯಗತ್ಯವಾದ 414 ಜೀನುಗಳನ್ನು ಒಂದೊಂದಾಗಿ ಬದಲಿಸಿ, ಆ ಜಾಗಕ್ಕೆ ಅದಕ್ಕೆ ಹೊಂದುವ ಮನುಷ್ಯರ ಜೀನನ್ನು ಇಟ್ಟು ನೋಡಿತು. ನಮಗೂ ಯೀಸ್ಟಿಗೂ ಇದ್ದ ಸಮಾನ ಪೂರ್ವಜ ಬದುಕಿದ್ದು ಸುಮಾರು 100 ಕೋಟಿ ವರ್ಷಗಳ ಹಿಂದೆ. ಆದರೂ ಹೆಚ್ಚುಕಡಿಮೆ ಅರ್ಧದಷ್ಟು ಜೀನುಗಳು ಕೆಲಸ ಮಾಡಿದವು! ಯಾವುದು ಹೊಂದುತ್ತೆ ಅನ್ನೋದನ್ನು ಹೆಚ್ಚಾಗಿ ಹೇಳಿದ್ದು ಆ ಜೀನು ಯಾವ ಗುಂಪಿನಲ್ಲಿ ಕೆಲಸ ಮಾಡುತ್ತೆ ಅನ್ನೋದು, ಎರಡು ಜೀನುಗಳ ಹೋಲಿಕೆ ಅಷ್ಟಾಗಿ ಅಲ್ಲ. ಸ್ಟೆರಾಲ್ ತಯಾರಿಸುವ ಗುಂಪಿನಲ್ಲಿ ಬಹುತೇಕ ಎಲ್ಲವೂ ಹೊಂದಿದವು. ಡಿಎನ್‌ಎ ನಕಲು ಶುರುಮಾಡುವ ಗುಂಪಿನಲ್ಲಿ ಒಂದೂ ಇಲ್ಲ. ಹೆಡ್ಡಿನ ಕಥೆಯೂ ಇದೇ: ಮ್ಯಾನಿಫೋಲ್ಡು, ರಾಕರು, ಟೈಮಿಂಗು, ಪೆಟ್ರೋಲು ಎಲ್ಲ ಒಂದೇ ಗುಂಪು, ಬದಲಾಗುವುದಾದರೆ ಒಟ್ಟಿಗೇ ಬದಲಾಗಬೇಕು.

ಪರಿಸರವೂ ತೀರ್ಪು ಕೊಡುತ್ತೆ. ಹಳೇ ಹೆಡ್ಡುಗಳಲ್ಲಿ ಕಾರ್ಬೋರೇಟರಿನ ಅಡಿಯನ್ನು ಬಿಸಿಹೊಗೆಯಿಂದ ಬೆಚ್ಚಗಿಡುವ ದಾರಿ ಇತ್ತು. ವೋರ್ಟೆಕ್ಕಿನಲ್ಲಿ ಅದಿಲ್ಲ. ಹಿಮ ಬೀಳುವ ಊರಿನಲ್ಲಿ ಅದು ಕೊರತೆ, ಕುವೈತಿನಲ್ಲಿ ಅದೇ ಅನುಕೂಲ.

ಗುಜರಿಯ ಹೆಡ್ಡು ತರುವವರಿಗೆ ಎರಡು ಮಾತು. ವೋರ್ಟೆಕ್ ಹೆಡ್ಡು ಒಮ್ಮೆ ವಿಪರೀತ ಕಾದಿದ್ದರೆ ವಾಲ್ವ್ ಸೀಟುಗಳ ನಡುವೆ ಬಿರುಕು ಬಿಡುವುದುಂಟು. ಕೂರಿಸುವ ಮೊದಲೇ ಪರೀಕ್ಷೆ ಮಾಡಿಸಿ, ಮಟ್ಟ ಇದೆಯಾ ಅಂತಲೂ ನೋಡಿ. ಇನ್ನು ಈ ಇಂಜಿನ್ನಿನ ಹೆಡ್ ಬೋಲ್ಟುಗಳ ತುದಿ ನೀರಿನ ದಾರಿಗೇ ಇಳಿಯುತ್ತೆ, ಎಳೆಗಳಿಗೆ ಸೀಲಂಟ್ ಹಚ್ಚದಿದ್ದರೆ ಅಲ್ಲಿಂದಲೇ ಸೋರಿಕೆ.

ನಾವು ಇಷ್ಟನ್ನೂ ಕಳಿಸಿದ ನಾಲ್ಕನೇ ದಿನ ಉತ್ತರ ಬಂತು. ಟೈಮಿಂಗ್ ಕೆಲವು ಡಿಗ್ರಿ ಹಿಂದೆ ಸರಿಸಿ, 95 ತುಂಬಿಸಿ, ಮಧ್ಯಾಹ್ನ ಎರಡು ಗಂಟೆಗೆ ಲೋಡು ಹಾಕಿ ಅದೇ ಫ್ಲೈಓವರ್ ಹತ್ತಿಸಿದರಂತೆ. “ಸದ್ದಿಲ್ಲ ಡಾಕ್ಟ್ರೇ. ಯಜಮಾನರು ಪಕ್ಕದಲ್ಲೇ ಕೂತಿದ್ದರು. ಏನೂ ಹೇಳಲಿಲ್ಲ, ಡ್ಯಾಶ್‌ಬೋರ್ಡಿನ ಮೇಲೆ ಕೈ ಇಟ್ಟುಕೊಂಡೇ ಬಂದರು.”

ನಿಮ್ಮ ಗ್ಯಾರೇಜು, ಅಡುಗೆಮನೆ, ತೋಟದ ಪ್ರಶ್ನೆಗಳನ್ನೂ ಕಳಿಸಿ.