ಸೊನ್ನೆಯಿಂದ ಭಾಗಿಸಿದರೂ ಪ್ರೋಗ್ರಾಂ ಓಡುತ್ತದೆ

ಬೆಂಗಳೂರಿನ ಗರುಡಾಚಾರ್‌ಪಾಳ್ಯಕ್ಕೆ 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂತು. ವೈಟ್‌ಫೀಲ್ಡ್ ಕಡೆಯ ಕಂಪನಿಗಳಿಗೆ ಓಡಾಟ ಸಲೀಸಾಯಿತು. ಆದರೆ ಇಲ್ಲಿನ ಪಿಜಿಗಳಲ್ಲಿ ಕೂತು ಇಂಟರ್‌ವ್ಯೂಗೆ ಓದುವವರಲ್ಲಿ ಸಿ ಭಾಷೆಯ ಕೆಲವು ಹಳೆಯ ನಂಬಿಕೆಗಳು ಇನ್ನೂ ಕದಲಿಲ್ಲ.

ತಪ್ಪು ಕಲ್ಪನೆ: ಸೊನ್ನೆಯಿಂದ ಭಾಗಿಸಿದರೆ ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ.
ಸತ್ಯ: ಪೂರ್ಣಾಂಕಗಳ ವಿಷಯದಲ್ಲಿ ಆ ಭಯ ಸರಿ, ಡಬಲ್ ಎಂಬ ದಶಮಾಂಶ ಸಂಖ್ಯೆಗಳಲ್ಲಿ ಹಾಗಲ್ಲ. 1985ರ ಐಇಇಇ 754 ಮಾನದಂಡ ಪಾಲಿಸುವ ಯಂತ್ರದಲ್ಲಿ 1.0/0.0 ಅಂದರೆ ಇನ್ಫಿನಿಟಿ, 0.0/0.0 ಅಂದರೆ ನ್ಯಾನ್ (ಸಂಖ್ಯೆಯೇ ಅಲ್ಲದ ಬೆಲೆ). ಪ್ರೋಗ್ರಾಂ ಏನೂ ನಡೆದೇ ಇಲ್ಲವೆಂಬಂತೆ ಮುಂದೆ ಸಾಗುತ್ತದೆ. ನನ್ನ ಮಟ್ಟಿಗೆ ಕ್ರ್ಯಾಶ್ ಆಗಿದ್ದರೇ ವಾಸಿ.

ತಪ್ಪು ಕಲ್ಪನೆ: ಮಿತಿ ನೋಡುವ ಒಂದು 'ಇಫ್' ಇದ್ದರೆ ಕೆಟ್ಟ ಬೆಲೆ ಒಳಗೆ ನುಸುಳದು.
ಸತ್ಯ: ತರಗತಿಯ ಸರಾಸರಿ ಅಂಕ ಲೆಕ್ಕ ಹಾಕುತ್ತೀರಿ ಅನ್ನಿ. ಯಾರೂ ಪರೀಕ್ಷೆ ಬರೆದಿಲ್ಲ, ಮೊತ್ತ 0.0, ಬರೆದ ಮಕ್ಕಳ ಸಂಖ್ಯೆ 0, ಸರಾಸರಿ ನ್ಯಾನ್. 'ಸರಾಸರಿ < 0 || ಸರಾಸರಿ > 100 ಆದರೆ ತಿರಸ್ಕರಿಸು' ಎಂದು ಬರೆದಿದ್ದೀರಿ. ನ್ಯಾನ್ ಜೊತೆಗಿನ <, >, == ಹೋಲಿಕೆಗಳೆಲ್ಲ ಸುಳ್ಳು. ಹಾಗಾಗಿ ತಿರಸ್ಕಾರ ನಡೆಯುವುದೇ ಇಲ್ಲ, ಅಂಕಪಟ್ಟಿಯಲ್ಲಿ ನ್ಯಾನ್ ಅಚ್ಚಾಗುತ್ತದೆ. ಷರತ್ತನ್ನು ತಿರುಗಿಸಿ 'ಸರಾಸರಿ >= 0 && ಸರಾಸರಿ <= 100 ಆದರೆ ಮಾತ್ರ ಒಪ್ಪಿಕೋ' ಎಂದು ಬರೆದರೆ ಅದೇ ನ್ಯಾನ್ ಹೊರಗುಳಿಯುತ್ತದೆ. ನ್ಯಾನ್ ತನಗೆ ತಾನೇ ಸಮನಲ್ಲ, ಆದ್ದರಿಂದ 'ಎಕ್ಸ್ == ನ್ಯಾನ್' ಎಂದು ಹುಡುಕುವುದು ವ್ಯರ್ಥ. ಇಸ್‌ನ್ಯಾನ್ ಎಂಬ ಮ್ಯಾಕ್ರೊ ಇರುವುದೇ ಅದಕ್ಕೆ.

ಇನ್ನೂ ವಿವರ ಬೇಕಿದ್ದರೆ ಎಫ್‌ಪಿಕ್ಲಾಸಿಫೈ ಇದೆ. ಸಿ99ರಲ್ಲಿ ಮ್ಯಾತ್ ಹೆಡರ್‌ಗೆ ಬಂದ ಈ ಮ್ಯಾಕ್ರೊ, ಕೊಟ್ಟ ಬೆಲೆ ನ್ಯಾನ್, ಇನ್ಫಿನಿಟಿ, ಸೊನ್ನೆ, ಸಬ್‌ನಾರ್ಮಲ್, ನಾರ್ಮಲ್ ಇವುಗಳಲ್ಲಿ ಯಾವುದೆಂದು ಹೇಳುತ್ತದೆ. ಚಿಹ್ನೆಯನ್ನು ಮಾತ್ರ ಹೇಳದು: -0.0 ಮತ್ತು 0.0 ಅದಕ್ಕೆ ಒಂದೇ, == ಕೂಡ ಹಾಗೇ ಅನ್ನುತ್ತದೆ. ಆದರೂ 1.0/-0.0 ಋಣ ಇನ್ಫಿನಿಟಿ! ಚಿಹ್ನೆ ಬೇಕಾದರೆ ಸೈನ್‌ಬಿಟ್ ಕೇಳಿ.

ತಪ್ಪು ಕಲ್ಪನೆ: ಡಿಬಿಎಲ್_ಮಿನ್‌ಗಿಂತ ಚಿಕ್ಕ ಧನ ಸಂಖ್ಯೆ ಇಲ್ಲ.
ಸತ್ಯ: ಅದು ನಾರ್ಮಲ್‌ಗಳಲ್ಲಿ ಚಿಕ್ಕದು, ಸುಮಾರು 2.2ಇ-308. ಸಬ್‌ನಾರ್ಮಲ್‌ಗಳು ಸುಮಾರು 4.9ಇ-324ರವರೆಗೆ ಇಳಿಯುತ್ತವೆ, ನಿಖರತೆ ಕಳೆದುಕೊಳ್ಳುತ್ತಾ.

ತಪ್ಪು ಕಲ್ಪನೆ: ಇಸ್‌ನ್ಯಾನ್ ಹಾಕಿದ ಮೇಲೆ ನಿಶ್ಚಿಂತೆ.
ಸತ್ಯ: ಜಿಸಿಸಿಯ ಫಾಸ್ಟ್-ಮ್ಯಾತ್ ಫ್ಲ್ಯಾಗ್ ಕೊಟ್ಟರೆ, ನ್ಯಾನ್ ಬರುವುದೇ ಇಲ್ಲವೆಂದು ಕಂಪೈಲರ್ ನಂಬುತ್ತದೆ, ನಿಮ್ಮ ಪರೀಕ್ಷೆಯನ್ನೇ ಕಿತ್ತುಹಾಕಬಹುದು. ನ್ಯಾನ್ ಪರೀಕ್ಷಿಸುವ ಫೈಲನ್ನು ಆ ಫ್ಲ್ಯಾಗ್ ಇಲ್ಲದೆಯೇ ಕಂಪೈಲ್ ಮಾಡಿ.